ಬೀಟ್ ಪೊಲೀಸರ ಪರಿಚಯವನ್ನು ಬೇಡುವ ಮನವಿ ಪತ್ರ

ಗೆ,
ಮಾನ್ಯ ಪೊಲೀಸ್ ಆಯುಕ್ತರು, ಬೆಂಗಳೂರು ನಗರ,
ಇನ್‌ಫೆಂಟ್ರಿ ರಸ್ತೆ, ಬೆಂಗಳೂರು.

ಇಂದ,
ಶಿವಾಜಿನಗರ, ಹಲಸೂರು, ಇಂದಿರಾನಗರ ಮತ್ತು ಕೃಷ್ಣರಾಜಪುರದ ನಿವಾಸಿಗಳು, ವರ್ತಕರು, ಬೀದಿಬದಿ ವ್ಯಾಪಾರಿಗಳು ಹಾಗೂ ಆಟೋ ಚಾಲಕರು.

ವಿಷಯ: ದಂಡು ಪ್ರದೇಶ ಹಾಗೂ ಪೂರ್ವ ಬೆಂಗಳೂರಿನಲ್ಲಿ ಬೀಟ್ ವ್ಯವಸ್ಥೆಯನ್ನು ಜನರಿಗೆ ಪರಿಚಿತವಾಗುವಂತೆ ಪುನರ್ವ್ಯವಸ್ಥೆಗೊಳಿಸುವ ಬಗ್ಗೆ.

ಮಾನ್ಯರೇ,

ತಮ್ಮ ಕಚೇರಿಯ ಹೆಬ್ಬಾಗಿಲ ಮಗ್ಗುಲಲ್ಲೇ ಇರುವ ಶಿವಾಜಿನಗರದಿಂದ ಮೊದಲ್ಗೊಂಡು, ಹಲಸೂರಿನ ಕೆರೆಯ ದಂಡೆಯನ್ನು ಬಳಸಿ, ಇಂದಿರಾನಗರದ ನೂರಡಿ ರಸ್ತೆಯನ್ನು ಹಾದು, ಕೃಷ್ಣರಾಜಪುರದ ತೂಗುಸೇತುವೆಯವರೆಗೆ ಹಬ್ಬಿರುವ ಈ ಭೂಭಾಗದಲ್ಲಿ ತಲೆಮಾರುಗಳಿಂದ ನೆಲೆಸಿರುವವರೂ ನಿನ್ನೆ ಮೊನ್ನೆ ಬಂದು ಬಾಡಿಗೆಯ ಕೊಠಡಿ ಹಿಡಿದವರೂ ಆದ ನಾವು, ನಮ್ಮ ಬೀದಿಗಳ ನೆಮ್ಮದಿಗೆ ಸಂಬಂಧಿಸಿದ ಕೆಲವು ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಬಯಸಿ ಈ ವಿಜ್ಞಾಪನೆಯನ್ನು ಸಲ್ಲಿಸುತ್ತಿದ್ದೇವೆ.

1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಂದಿನಿಂದ 1947ರಲ್ಲಿ ಈ ಪ್ರದೇಶ ಮತ್ತೆ ಮೈಸೂರು ಸರ್ಕಾರದ ಕೈಗೆ ಬರುವವರೆಗೆ ಬೆಂಗಳೂರೆಂಬುದು ಒಂದು ಊರಾಗಿರಲಿಲ್ಲ, ಎರಡಾಗಿತ್ತು. ಪೇಟೆಗೆ ಒಂದು ಆಡಳಿತ, ದಂಡಿಗೆ ಮತ್ತೊಂದು. 1949ರಲ್ಲಿ ಎರಡೂ ಸೇರಿ ಒಂದು ನಗರಪಾಲಿಕೆಯಾಯಿತು. 1963ರಲ್ಲಿ ಪೊಲೀಸ್ ಆಯುಕ್ತರ ವ್ಯವಸ್ಥೆಯೂ ಬಂದಿತು. ಆದರೆ ಹಳೆಯ ಗಡಿಗಳು ಹೆಸರಿನಲ್ಲಿಯೂ ಮನಸ್ಸಿನಲ್ಲಿಯೂ ಉಳಿದುಕೊಂಡಿವೆ. ಹಲಸೂರು ಗೇಟ್ ಠಾಣೆ ಇರುವುದು ಹಲಸೂರಿನಲ್ಲಲ್ಲ, ಹಲಸೂರಿನ ಕಡೆಗೆ ಮುಖಮಾಡಿದ್ದ ಹಳೆಯ ಪೇಟೆಯ ಬಾಗಿಲಿನ ಬಳಿ. ದೂರು ಹೊತ್ತು ಹೊರಟ ಹೊಸಬರು ಅಲ್ಲಿಗೆ ಹೋಗಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುವುದುಂಟು.

ನಮ್ಮಲ್ಲಿ ವಯಸ್ಸಾದವರಿಗೆ ಇನ್ನೂ ನೆನಪಿದೆ: ಹಲಸೂರಿನ ಹಳೆಯ ಮನೆಯೊಂದರ ಜಗಲಿಯ ಗೋಡೆಗೆ ತಗಡಿನ ಪುಟ್ಟ ಡಬ್ಬಿಯೊಂದು ತೂಗುತ್ತಿತ್ತು, ಅದರೊಳಗೆ ದಾರ ಕಟ್ಟಿದ ಪೆನ್ಸಿಲಿನೊಡನೆ ಅಂಚು ಸವೆದ ಬೀಟ್ ಪುಸ್ತಕ. ಸರಿರಾತ್ರಿ ಕಳೆದ ಮೇಲೆ ಸೈಕಲ್ಲನ್ನು ಗೋಡೆಗೆ ಒರಗಿಸಿ, ಟಾರ್ಚನ್ನು ಕಂಕುಳಲ್ಲಿ ಅವುಚಿಕೊಂಡು ಬೀಟಿನವರು ಸಹಿ ಹಾಕುವಾಗ ಡಬ್ಬಿಯ ಮುಚ್ಚಳ ಕಿರ್ರೆನ್ನುತ್ತಿತ್ತು. ಒಳಗೆ ಮಲಗಿದ್ದವರು ಅದನ್ನು ಕೇಳಿ ಮಗ್ಗುಲು ಬದಲಿಸುತ್ತಿದ್ದರು. ಬೀದಿಯ ನಾಯಿ ಬೊಗಳುತ್ತಿರಲಿಲ್ಲ. ಅದಕ್ಕೂ ಅವರ ಪರಿಚಯವಿತ್ತು. ಇಂದು ಡಬ್ಬಿ ಹೋಗಿ ಇ-ಬೀಟ್ ಬಂದಿದೆ. ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಗೆ ಮೊಬೈಲನ್ನು ತೋರಿಸಿದೊಡನೆ ಬೀಟಿನವರು ಬಂದುಹೋದದ್ದು ಇಲಾಖೆಗೆ ತಿಳಿಯುತ್ತದೆ, ಮನೆಯವರಿಗೆ ತಿಳಿಯುವುದಿಲ್ಲ. ಯಂತ್ರವನ್ನು ನಾವು ದೂರುವವರಲ್ಲ; ಆದರೆ ಮೇಲಧಿಕಾರಿಗೆ ಲೆಕ್ಕ ಒಪ್ಪಿಸುವ ಸಾಧನವು ಬೀದಿಗೆ ಭರವಸೆ ಕೊಡುವ ಸಾಧನವೂ ಆಗಿದ್ದ ಕಾಲವೊಂದಿತ್ತೆಂಬುದನ್ನು ಮಾತ್ರ ನೆನಪಿಸುತ್ತೇವೆ.

ಕಳ್ಳತನದ ಸ್ವರೂಪ ಬದಲಾಗಿರುವಾಗ ಇಂಥ ಹಳೆಯ ಪರಿಚಯದಿಂದ ಏನು ಪ್ರಯೋಜನವೆಂದು ಕೇಳಬಹುದು. ಬದಲಾಗಿರುವುದು ನಿಜ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ ಲೆಕ್ಕದಂತೆ ಬೆಂಗಳೂರು ನಗರದಲ್ಲಿ ದಾಖಲಾದ ಸೈಬರ್ ಅಪರಾಧಗಳು 2022ರಲ್ಲಿ 9,940, 2023ರಲ್ಲಿ 17,631. ಆ ವರ್ಷ ಇಡೀ ದೇಶದಲ್ಲಿ ದಾಖಲಾದ 86,420ರಲ್ಲಿ ಹೆಚ್ಚುಕಡಮೆ ಐದರಲ್ಲೊಂದು ನಮ್ಮ ಊರಿನದು. ದೂರನ್ನು ನಿರಾಕರಿಸದೆ ಬರೆದುಕೊಂಡದ್ದರಿಂದಲೂ ಸಂಖ್ಯೆ ಏರಿರಬಹುದೆಂಬುದನ್ನು ನಾವು ಒಪ್ಪುತ್ತೇವೆ. ಅದು ಇಲಾಖೆಗೆ ಗೌರವ ತರುವ ಮಾತೇ. ಆದರೆ ಇಂದಿರಾನಗರದ ಮಹಿಳೆಯೊಬ್ಬರು ತನಿಖಾಧಿಕಾರಿಗಳ ಸೋಗಿನ ವಂಚಕರು ಒಡ್ಡಿದ ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆಗೆ ಸಿಲುಕಿ, ತಿಂಗಳುಗಟ್ಟಲೆ, ನೂರಕ್ಕೂ ಹೆಚ್ಚು ಕಂತುಗಳಲ್ಲಿ ಸುಮಾರು 32 ಕೋಟಿ ರೂಪಾಯಿಗಳನ್ನು ಕಳೆದುಕೊಂಡ ಸುದ್ದಿ 2025ರ ನವೆಂಬರ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಬಂದಾಗ, ನಮ್ಮ ಮನಸ್ಸಿನಲ್ಲಿ ಮೊದಲು ಎದ್ದ ಪ್ರಶ್ನೆ ಹಣದ್ದಾಗಿರಲಿಲ್ಲ. ಅಂಥ ಕಾನೂನೇ ಈ ದೇಶದಲ್ಲಿಲ್ಲ ಎಂದು ಹೇಳಬಲ್ಲ, ಹೆಸರು ಹಿಡಿದು ಕರೆಯಬಹುದಾದ ಖಾಕಿಯವರೊಬ್ಬರು ಅಷ್ಟು ತಿಂಗಳುಗಳಲ್ಲಿ ಒಮ್ಮೆಯಾದರೂ ಆ ಬಾಗಿಲ ಮುಂದೆ ಹಾದುಹೋಗಿದ್ದರೆ ಏನಾಗುತ್ತಿತ್ತು ಎಂಬುದು ಆ ಪ್ರಶ್ನೆ. ಸುಳ್ಳು ಪೊಲೀಸರು ನಮ್ಮ ಮನೆಯೊಳಗೆ ಹೊಕ್ಕಿದ್ದಾರೆ, ಏಕೆಂದರೆ ನಿಜವಾದ ಪೊಲೀಸರ ಮುಖ ನಮಗೆ ಗೊತ್ತಿಲ್ಲ. ಹಣ ಹೋದ ಮೊದಲ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿದರೆ ಉಳಿಸಿಕೊಳ್ಳುವ ಸಂಭವ ಹೆಚ್ಚು. ಆ ಗಂಟೆಯನ್ನು ನುಂಗುವುದು ನಾಚಿಕೆ, ಮತ್ತು ನಾಚಿಕೆಯನ್ನು ಬಿಡಿಸುವುದು ಪರಿಚಯ.

ಹಳೆಯ ಅಪರಾಧಗಳೂ ಅಳಿದಿಲ್ಲ. ಸೆಪ್ಟೆಂಬರ್ 8ರ ಸಂತ ಮೇರಿ ಬೆಸಿಲಿಕಾದ ಹಬ್ಬದ ಜನಸಾಗರದಲ್ಲಿ, ರಸೆಲ್ ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ, ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣದಲ್ಲಿ ಪರ್ಸೂ ಸರವೂ ಮೊಬೈಲೂ ಎಂದಿನಂತೆ ಮಾಯವಾಗುತ್ತಿವೆ. ಮನವಿದಾರರಲ್ಲೊಬ್ಬರ ಫೋನನ್ನು ಮೇಲ್ಸೇತುವೆಯ ಇಳಿಜಾರಿನಲ್ಲಿ ಕಿತ್ತುಕೊಂಡು ಹೋದಾಗ, ಒಂದು ಠಾಣೆಯವರು “ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ” ಎಂದರು. ಇನ್ನೊಂದು ಠಾಣೆಯವರು “ಸೇತುವೆಯ ಆ ಕಂಬದವರೆಗೆ ಅವರದೇ” ಎಂದರು. ಕಂಬದ ಆಚೆ ಈಚೆ ನಡೆದು ಸಂಜೆಯಾದ ಮೇಲೆ ಅವರು ಮನೆಗೆ ಬಂದು, ಹೊಸ ಫೋನು ಕೊಂಡು ಸುಮ್ಮನಾದರು. ಆ ಅಪರಾಧ ಯಾವ ಲೆಕ್ಕದಲ್ಲಿಯೂ ಇಲ್ಲ.

2020ರ ಆಗಸ್ಟ್ 11ರ ಇರುಳು ದೇವರಜೀವನಹಳ್ಳಿ, ಕಾಡುಗೊಂಡನಹಳ್ಳಿಗಳಲ್ಲಿ ಪೊಲೀಸ್ ಠಾಣೆಗಳ ಮೇಲೆಯೇ ದಾಳಿ ನಡೆದುದನ್ನು ಈ ಭಾಗದ ಜನ ಮರೆತಿಲ್ಲ. ಅದೇ ಇರುಳು ಅಲ್ಲಿಯ ಮುಸ್ಲಿಂ ಯುವಕರು ದೇವಾಲಯವೊಂದರ ಮುಂದೆ ಕೈಗೆ ಕೈ ಸೇರಿಸಿ ಕಾವಲು ನಿಂತುದನ್ನೂ ಮರೆತಿಲ್ಲ. ಅಂಥ ಯುವಕರ ಹೆಸರು ಠಾಣೆಗೆ ಮೊದಲೇ ತಿಳಿದಿರುವಂತೆ ಮಾಡುವುದೇ, ಅದೂ ಶಂಕಿತರ ಪಟ್ಟಿಯಲ್ಲಲ್ಲದೆ ಸ್ನೇಹಿತರ ಪಟ್ಟಿಯಲ್ಲಿ, ನಾವು ಬೇಡುವ ಸಮುದಾಯ ಪೊಲೀಸ್ ವ್ಯವಸ್ಥೆಯ ಸಾರ.

ಈ ದಿಕ್ಕಿನ ಪ್ರಯತ್ನಗಳು ಹೊಸತಲ್ಲ. ಕೇರಳವು 2008ರಲ್ಲಿ ‘ಜನಮೈತ್ರಿ’ಯನ್ನು ಆರಂಭಿಸಿತು, ನಮ್ಮ ನಗರದಲ್ಲಿ 2013ರಲ್ಲಿ ಜನಾಗ್ರಹ ಸಂಸ್ಥೆಯ ಸಹಯೋಗದಿಂದ ‘ಏರಿಯಾ ಸುರಕ್ಷಾ ಮಿತ್ರ’ರೆಂಬ ಸ್ವಯಂಸೇವಕರು ಬಂದರು, 2025ರ ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರವು ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ನೀಡಿತು. ತಮಿಳುನಾಡಿನಲ್ಲಿ 1990ರ ದಶಕದಲ್ಲಿ ಸದುದ್ದೇಶದಿಂದಲೇ ಹುಟ್ಟಿದ ‘ಪೊಲೀಸ್ ಮಿತ್ರರು’ ಎಂಬ ನಾಗರಿಕ ಸ್ವಯಂಸೇವಕರ ಪಡೆಯನ್ನು, ಸಾತಾನ್‌ಕುಳಂನ ಕಸ್ಟಡಿ ಸಾವುಗಳ ತರುವಾಯ 2020ರಲ್ಲಿ ನಿಷೇಧಿಸಬೇಕಾಯಿತೆಂಬ ಎಚ್ಚರವೂ ನಮಗಿದೆ. ಆದಕಾರಣ ನಾವು ಲಾಠಿಯನ್ನಾಗಲಿ ಗುರುತಿನ ಚೀಟಿಯನ್ನಾಗಲಿ ಬೇಡುವುದಿಲ್ಲ. ನಮ್ಮ ಬೇಡಿಕೆಗಳು ಇಂತಿವೆ:

1. ಪ್ರತಿಯೊಂದು ಬೀಟಿನ ಸಿಬ್ಬಂದಿಯ ಹೆಸರು, ಭಾವಚಿತ್ರ ಮತ್ತು ಠಾಣೆಯ ದೂರವಾಣಿ ಸಂಖ್ಯೆಯನ್ನು ಬೀದಿಯ ಮೂಲೆಯಲ್ಲಿ ಕನ್ನಡದಲ್ಲಿಯೂ, ಅಗತ್ಯವಿರುವೆಡೆ ಉರ್ದು, ತಮಿಳು, ತೆಲುಗು, ಹಿಂದಿಗಳಲ್ಲಿಯೂ ಫಲಕದಲ್ಲಿ ಬರೆಯಿಸಬೇಕು. ಅಲ್ಲಿಯೇ ನಮ್ಮದು ಯಾವ ಠಾಣೆಯ ಸರಹದ್ದೆಂಬುದನ್ನೂ ಕಾಣಿಸಬೇಕು.

2. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿತು. ಬೀದಿಗೆ ಹತ್ತಿರದವರು ಬೀಟಿನ ಕಾನ್‌ಸ್ಟೇಬಲ್ಲರೇ ಆದುದರಿಂದ, ಅದೇ ಸ್ಥಿರತೆಯನ್ನು ಅವರಿಗೂ ಕಲ್ಪಿಸಬೇಕು. ಬಂದೋಬಸ್ತಿಗೆಂದು ಅವರನ್ನು ಎಳೆದುಕೊಂಡು ಹೋದ ದಿನ ಬೀಟು ಬರಿದಾಗದಂತೆ ಬದಲಿ ವ್ಯವಸ್ಥೆ ಇರಬೇಕು.

3. ಮನೆ ಮನೆಗೆ ಬರುವ ಪೊಲೀಸರು ಬಂಗಲೆಗಳ ಗಂಟೆಯನ್ನಷ್ಟೇ ಒತ್ತದೆ, ಕೃಷ್ಣರಾಜಪುರದ ಕೂಲಿಕಾರರ ಶೆಡ್ಡುಗಳಿಗೂ ಪಿ.ಜಿ.ಗಳಿಗೂ ಬರಬೇಕು, ಏನನ್ನು ಕೇಳುತ್ತಾರೆ, ಕೇಳಿದ್ದನ್ನು ಎಲ್ಲಿ ಇಡುತ್ತಾರೆ ಎಂಬುದನ್ನು ಲಿಖಿತವಾಗಿ ಪ್ರಕಟಿಸಬೇಕು. ಹೊರಗಿನಿಂದ ಬಂದವನೆಂಬುದು ಅನುಮಾನಕ್ಕೆ ಕಾರಣವಾಗಬಾರದು.

4. ಪೊಲೀಸರು ನೇರವಾಗಿ ತನಿಖೆ ನಡೆಸಬಹುದಾದ ಸಂಜ್ಞೇಯ ಅಪರಾಧದ ದೂರನ್ನು ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿಯೇ ತೀರ್ಪಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಸರಹದ್ದಿನ ನೆಪವೂ ಉಳಿದಿಲ್ಲ. ಈ ಹಕ್ಕನ್ನೂ, ಎಫ್‌ಐಆರ್ ಪ್ರತಿ ಉಚಿತವೆಂಬುದನ್ನೂ, 90 ದಿನಗಳೊಳಗೆ ತನಿಖೆಯ ಪ್ರಗತಿ ತಿಳಿಸಬೇಕೆಂಬುದನ್ನೂ ಪ್ರತಿ ಠಾಣೆಯ ಹೊರಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆಯಿಸಬೇಕು.

5. ಪ್ರತಿ ಠಾಣೆಯಲ್ಲಿ ಸೈಬರ್ ವಂಚನೆಗೆ ಒಳಗಾದವರನ್ನು ಕುಳ್ಳಿರಿಸಿಕೊಂಡು 1930ಕ್ಕೆ ಕರೆಮಾಡಿಸಿ ಕೊಡಬಲ್ಲ ಒಬ್ಬರು ಹಗಲಿರುಳೂ ಇರಬೇಕು. ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರಗಳ ಅಂಗಳಗಳಲ್ಲಿ ಬೀಟಿನವರೇ ತಿಂಗಳಿಗೊಮ್ಮೆ ಹಿರಿಯರೊಡನೆ ಮಾತನಾಡಬೇಕು.

6. ತಿಂಗಳಿಗೊಮ್ಮೆ ನಡೆಯುವ ಜನಸಂಪರ್ಕ ಸಭೆಗೆ ಎಂದಿನ ಮುಖಂಡರಲ್ಲದೆ ಹೂವು ಮಾರುವವರು, ಪೌರಕಾರ್ಮಿಕರು, ಹಾಸ್ಟೆಲಿನ ಹುಡುಗಿಯರು ಬರುವಂತೆ ಸ್ಥಳವನ್ನೂ ವೇಳೆಯನ್ನೂ ಗೊತ್ತುಪಡಿಸಬೇಕು. ಹಿಂದಿನ ಸಭೆಯ ದೂರುಗಳಿಗೆ ಏನಾಯಿತೆಂಬುದನ್ನು ಓದಿದ ಮೇಲೆಯೇ ಹೊಸ ದೂರುಗಳಿಗೆ ತೊಡಗಬೇಕು.

7. ಠಾಣಾವಾರು ಅಪರಾಧಗಳ ಲೆಕ್ಕವನ್ನು, ಪತ್ತೆಯಾದವೆಷ್ಟು ಉಳಿದವೆಷ್ಟು ಎಂಬ ವಿವರದೊಡನೆ, ಪ್ರತಿ ತಿಂಗಳು ಕನ್ನಡದಲ್ಲಿ ಪ್ರಕಟಿಸಬೇಕು. 2025ರ ಸೆಪ್ಟೆಂಬರಿನಿಂದ ನಗರಕ್ಕೆ ಐದು ಪಾಲಿಕೆಗಳಾಗಿರುವುದರಿಂದ, ಆರಿದ ಬೀದಿದೀಪಕ್ಕೂ ಕೆಟ್ಟ ಕ್ಯಾಮೆರಾಕ್ಕೂ ಹೊಣೆ ಯಾರದೆಂಬುದನ್ನು ಅವುಗಳೊಡನೆ ಕೂಡಿ ತೀರ್ಮಾನಿಸಬೇಕು.

8. ಕಡೆಯದಾಗಿ, ಬೀಟಿನ ಸಿಬ್ಬಂದಿಗೆ ವಾರದ ರಜೆಯೂ ಕೆಲಸದ ಸ್ಥಳಕ್ಕೆ ಸಮೀಪದ ವಸತಿಯೂ ದೊರೆಯಬೇಕು. ನಮ್ಮ ಬೀದಿಯಲ್ಲಿ ಬಾಡಿಗೆ ತೆರಲಾರದೆ ಬಹುದೂರದಿಂದ ಬಂದು, ನಿದ್ದೆಗೆಟ್ಟು ನಿಲ್ಲುವವರಿಂದ ನೆರೆಹೊರೆಯವರ ಸ್ನೇಹವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಬೇಡುವವರಿಗೆ ಕರ್ತವ್ಯವೂ ಉಂಟು. ಬೀಟಿನವರು ಬಂದಾಗ ಬಾಗಿಲು ತೆರೆದು ಕುಡಿಯಲು ನೀರು ಕೊಡುತ್ತೇವೆ. ಕಂಡದ್ದಕ್ಕೆ ಸಾಕ್ಷಿ ಹೇಳಲು ಹಿಂಜರಿಯುವುದಿಲ್ಲ. ನಮ್ಮವನ ತಪ್ಪನ್ನು ನಮ್ಮವನೆಂಬ ಕಾರಣಕ್ಕೆ ಮುಚ್ಚುವುದಿಲ್ಲ. ವಿಚಾರಣೆಗೆ ಮುನ್ನ ಯಾರನ್ನೂ ಬೀದಿಯಲ್ಲಿ ಥಳಿಸಲು ಬಿಡುವುದಿಲ್ಲ. ಇಲಾಖೆ ಒಪ್ಪುವುದಾದರೆ, ಕ್ಯೂಆರ್ ಚೀಟಿಯ ಪಕ್ಕದಲ್ಲಿ ಹಳೆಯ ತಗಡಿನ ಡಬ್ಬಿಯನ್ನು ನಮ್ಮ ಖರ್ಚಿನಿಂದಲೇ ಮತ್ತೆ ತೂಗುಹಾಕುತ್ತೇವೆ. ಅದರ ಪುಸ್ತಕದಲ್ಲಿ ಬೀಟಿನವರ ಸಹಿಯ ಎದುರಿಗೆ ಮನೆಯವರ ಸಹಿಗೂ ಒಂದು ಸಾಲು ಇರಲಿ ಎಂಬುದಷ್ಟೇ ನಮ್ಮ ಅರಿಕೆ.

ಈ ಬೇಡಿಕೆಗಳಿಗೆ ಮುಂದಿನ ಜನಸಂಪರ್ಕ ಸಭೆಯೊಳಗಾಗಿ ಲಿಖಿತ ಉತ್ತರವನ್ನು ದಯಪಾಲಿಸಬೇಕೆಂದು ಕೋರುತ್ತೇವೆ. ಕೆಳಗಿನ ಸಹಿಗಳು ಕನ್ನಡ, ತಮಿಳು, ಉರ್ದು, ತೆಲುಗು ಲಿಪಿಗಳಲ್ಲಿವೆ. ಕೆಲವು ಹೆಬ್ಬೆಟ್ಟಿನ ಗುರುತುಗಳೂ ಇವೆ. ಓದಲು ಕಷ್ಟವಾದ ಹೆಸರುಗಳನ್ನು ನಮ್ಮ ಬೀಟಿನವರನ್ನೇ ಕೇಳಿ ತಿಳಿಯಬಹುದಾದ ದಿನ ಈ ಮನವಿ ಈಡೇರಿತೆಂದು ನಾವು ತಿಳಿಯುವೆವು.


ತಮ್ಮ ವಿಶ್ವಾಸಿಗಳಾದ,
ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರದ ನಾಗರಿಕರು
(ಸಹಿಗಳ ಹಾಳೆಗಳನ್ನು ಲಗತ್ತಿಸಿದೆ)

ಸ್ಥಳ: ಬೆಂಗಳೂರು

ಪ್ರತಿ: ಅಪರ ಮುಖ್ಯ ಕಾರ್ಯದರ್ಶಿಗಳು, ಗೃಹ ಇಲಾಖೆ, ಕರ್ನಾಟಕ ಸರ್ಕಾರ, ಇವರ ಅವಗಾಹನೆಗಾಗಿ.