ಯಾಜಕ ಇಳಿದು ಬರುತ್ತಿದ್ದ

ದಯಾಳು ಸಮಾರಿಯದವನ ಕಥೆ ಕೇಳದ ಕ್ರೈಸ್ತರಿಲ್ಲ. ಕಳ್ಳರು ಬಡಿದು ದಾರಿಯಲ್ಲಿ ಬಿಸಾಕಿದ ಮನುಷ್ಯ. ಕಂಡೂ ಕಾಣದಂತೆ ಹೋದ ಯಾಜಕ. ಅವನ ಹಿಂದೆ ಬಂದು ಹಾಗೇ ಮಾಡಿದ ಲೇವಿಯ. ಕೊನೆಗೆ ಗಾಯ ಕಟ್ಟಿ ಛತ್ರಕ್ಕೆ ಒಯ್ದ ಸಮಾರಿಯದವನು. ಮೊನ್ನೆ ಭಾನುವಾರದ ಪ್ರಬೋಧನೆಯಲ್ಲೂ ಅದೇ ಕಥೆ, ಅದೇ ವಿವರಣೆ. ಹೆಣ ಮುಟ್ಟಿದರೆ ಮೈಲಿಗೆ ಅನ್ನುತ್ತಿತ್ತಂತೆ ಯೆಹೂದ್ಯರ ಶಾಸ್ತ್ರ, ಅದಕ್ಕೇ ಇಬ್ಬರೂ ದಾಟಿಹೋದರಂತೆ, ಯೇಸುಸ್ವಾಮಿ ಬಂದು ಆ ಒಣ ಶಾಸ್ತ್ರದಿಂದ ನಮ್ಮನ್ನು ಬಿಡಿಸಿದರಂತೆ. ಅಕ್ಕಪಕ್ಕದವರು ತಲೆದೂಗಿದರು. ನನಗೆ ಬೆಂಚು ಚುಚ್ಚತೊಡಗಿತು.

ಲೂಕನ ಶುಭಸಂದೇಶದ 10ನೇ ಅಧ್ಯಾಯ ತೆರೆದು ನೋಡಿ. ಕಥೆ ನಡೆಯುವುದು ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ. ಜೆರುಸಲೇಮ್ ಇರುವುದು ಬೆಟ್ಟದ ಮೇಲೆ, ಜೆರಿಕೋ ಸಮುದ್ರಮಟ್ಟಕ್ಕಿಂತಲೂ ಕೆಳಗೆ. ನಡುವೆ ಸುಮಾರು 1000 ಮೀಟರ್ ಇಳಿಜಾರು. ಯಾಜಕ ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಎಂದೇ ಲೂಕ ಬರೆದಿದ್ದಾನೆ. ಅಂದಮೇಲೆ ಜೆರುಸಲೇಮಿನ ದೇವಾಲಯ ಅವನ ಬೆನ್ನ ಹಿಂದಿತ್ತು. ಪೂಜೆಗೆ ಹೊರಟಿದ್ದೇನೆ, ಮೈಲಿಗೆಯಾದರೆ ಕಷ್ಟ ಎಂಬ ನೆಪಕ್ಕೂ ಜಾಗವಿಲ್ಲ. ಇನ್ನು ಶಾಸ್ತ್ರದ ಮಾತು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದ್ಯರ ಮಿಶ್ನಾ ಪ್ರಕಾರ ಜೀವಕ್ಕೆ ಅಪಾಯವಿದ್ದರೆ ಸಬ್ಬತ್ ದಿನದ ಕಟ್ಟಳೆಯೂ ಸಡಿಲ. ದಿಕ್ಕಿಲ್ಲದ ಹೆಣ ಕಂಡರೆ ಮಹಾಯಾಜಕನೂ ಮಣ್ಣು ಮಾಡಲೇಬೇಕು. ಆ ಇಬ್ಬರು ಮಾಡಿದ ತಪ್ಪಿಗೆ ಶಾಸ್ತ್ರವನ್ನೇಕೆ ಕಟಕಟೆಗೆ ಏರಿಸುತ್ತೇವೋ!

ಅರ್ಧ ಎಡವಟ್ಟು ಪದದ್ದೇ ಇರಬೇಕು. ಯೆಹೂದ್ಯರ ಶಾಸ್ತ್ರದ ಹೆಸರು ತೋರಾ, ಹಾಗೆಂದರೆ ಹೀಬ್ರೂವಿನಲ್ಲಿ ಬೋಧನೆ. ಕನ್ನಡ ಬೈಬಲಿನಲ್ಲಿ ಅದು ‘ಧರ್ಮಶಾಸ್ತ್ರ’ವಾಯಿತು. ಆ ಪದ ಕಿವಿಗೆ ಬಿದ್ದದ್ದೇ ತಡ, ಮಡಿ, ಮೈಲಿಗೆ, ಮನು ಎಲ್ಲರೂ ಮೆರವಣಿಗೆ ಹೊರಡುತ್ತಾರೆ.

ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಇದೆಯಲ್ಲ, ಅದು ಹಳೆಯ ಒಡಂಬಡಿಕೆಯದು, ಯಾಜಕಕಾಂಡದ 19ನೇ ಅಧ್ಯಾಯದ್ದು. ಯೇಸು ಅದನ್ನು ಅಲ್ಲಿಂದಲೇ ಎತ್ತಿಕೊಂಡರು. ಅದೇ ಅಧ್ಯಾಯದಲ್ಲಿ ಇನ್ನೇನಿದೆ ಗೊತ್ತೆ? ಹೊಲದ ಅಂಚಿನ ಪೈರು ಕೊಯ್ಯದೆ, ಉದುರಿದ ತೆನೆ ಆಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಆಳಿನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ಪ್ರೀತಿಯ ಲೆಕ್ಕದಲ್ಲಿ ಸಂಜೆಯ ಬಟವಾಡೆಯೂ ಸೇರಿತ್ತು.

ಹಾಗಂತ ಏನೂ ಬದಲಾಗಲಿಲ್ಲ ಎನ್ನಲಾಗದು. ಮೊದಲ ಶತಮಾನದ ನಡುವಿನಲ್ಲಿ ಜೆರುಸಲೇಮಿನಲ್ಲಿ ಪ್ರೇಷಿತರು ಸಭೆ ಸೇರಿ, ಯೆಹೂದ್ಯರಲ್ಲದ ವಿಶ್ವಾಸಿಗಳಿಗೆ ಸುನ್ನತಿ ಬೇಡ ಎಂದು ತೀರ್ಮಾನಿಸಿದರು. ಪೌಲರು ಇದೇ ಸ್ವಾತಂತ್ರ್ಯಕ್ಕಾಗಿ ಗಲಾತ್ಯರಿಗೆ ಬೆಂಕಿಯಂಥ ಪತ್ರ ಬರೆದವರು. ಆದರೆ ಜೆರುಸಲೇಮಿನ ಹಿರಿಯರು ಪೌಲರಲ್ಲಿ ಕೇಳಿಕೊಂಡದ್ದು ಬಡವರನ್ನು ಮರೆಯಬಾರದೆಂಬ ಒಂದೇ ಮಾತು ಎಂದೂ ಅದೇ ಪತ್ರದಲ್ಲಿದೆ. ಸಿಕ್ಕ ಬಿಡುಗಡೆಯನ್ನು ಒಬ್ಬರಿಗೊಬ್ಬರು ಸೇವೆ ಮಾಡಲು ಬಳಸಿ ಎಂದೂ ಇದೆ. ಸುನ್ನತಿಗೆ ರಿಯಾಯಿತಿ ಸಿಕ್ಕಿತು, ಹೊಲದ ಅಂಚಿಗೆ ಸಿಗಲಿಲ್ಲ. ನಾವು ಎರಡನ್ನೂ ಒಟ್ಟಿಗೇ ಮನ್ನಾ ಮಾಡಿಸಿಕೊಂಡಂತಿದೆ.

ಆ ಸೇವೆಯನ್ನು ನೆನಪಿಸಲೆಂದೇ ನಮ್ಮಲ್ಲಿ ಪವಿತ್ರ ಗುರುವಾರ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಶಿಷ್ಯರ ಪಾದ ತೊಳೆದು ಯೇಸು ಮಾಡಿದ್ದು ಅಂದಿನ ಕಾಲದಲ್ಲಿ ಗುಲಾಮರ ಕೆಲಸ. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಜೈಲಿಗೇ ಹೋಗಿ ಮಂಡಿಯೂರಿದರು. ಕಾಲು ತೊಳೆಸಿಕೊಂಡವರಲ್ಲಿ ಮುಸ್ಲಿಮರಿದ್ದರು, ಹುಡುಗಿಯರಿದ್ದರು. ನಮ್ಮ ಹನ್ನೆರಡು ಮಂದಿ ಮಾತ್ರ ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿ, ಹೊಸ ಚಪ್ಪಲಿಯಲ್ಲಿ ಬರುತ್ತಾರೆ. ಫಾದರ್ ಮೂರು ಹನಿ ನೀರು ಬಿಟ್ಟು, ಟವೆಲು ತಾಕಿಸಿದರೆ ಮುಗಿಯಿತು.

ಒಂದು ವರ್ಷ ಒಬ್ಬರು ಕೈಕೊಟ್ಟರು. ಹಿಂದಿನ ಸಾಲಿನಲ್ಲಿದ್ದ ಗಾರೆ ಕೆಲಸದವರೊಬ್ಬರನ್ನು ಎಳೆದು ತಂದು ಕೂರಿಸಿದರು. ಕೆಲಸದಿಂದ ನೇರ ಬಂದಿದ್ದ ಕಾಲು, ಬಿರುಕಿನಲ್ಲೆಲ್ಲ ಸಿಮೆಂಟು. ಅವರು ನಾಚಿ ಕಾಲು ಹಿಂದಕ್ಕೆಳೆದರು. ಫಾದರ್ ಬಿಡಲಿಲ್ಲ, ಹೆಬ್ಬೆರಳಿನಿಂದ ಉಜ್ಜಿದರು. ಬೇಸಿನ್ನಿನ ನೀರು ಬೂದಿ ಬಣ್ಣಕ್ಕೆ ತಿರುಗಿತು, ಹುಡುಗನೊಬ್ಬ ಇನ್ನೊಂದು ಚೊಂಬಿಗೆ ಓಡಿದ. ಮುಂದಿನ ಸಲದಿಂದ ಪಾದ ತೊಳೆಸಿಕೊಳ್ಳುವವರು ದಯವಿಟ್ಟು ಕಾಲು ತೊಳೆದುಕೊಂಡು ಬರಲಿ ಎಂದು ಆ ವಾರದ ಸಮಿತಿ ಸಭೆಯಲ್ಲಿ ಯಾರೋ ಸಲಹೆ ಕೊಟ್ಟರಂತೆ.