ಉದ್ರಿಕ್ತ ರೋಗಿಯೂ ಉಪಶಮನದ ಚುಚ್ಚುಮದ್ದೂ

ಕೆಲವು ವರ್ಷಗಳ ಹಿಂದೆ, ಎಂಬತ್ತು ದಾಟಿದ ನನ್ನ ದೊಡ್ಡಪ್ಪನವರನ್ನು ನಡುರಾತ್ರಿಯಲ್ಲಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದಾಗ, ಜೀವಮಾನದಲ್ಲಿ ಯಾರನ್ನೂ ಏಕವಚನದಲ್ಲಿ ಗದರಿಸದ ಆ ಮನುಷ್ಯರು ಎದುರಿಗೆ ಬಂದವರನ್ನೆಲ್ಲ ಬೈಯುತ್ತ, ಕೈಗೆ ಹಾಕಿದ್ದ ಡ್ರಿಪ್ಪನ್ನು ಕಿತ್ತೆಸೆದು, ಮಂಚದಿಂದ ಧುಮುಕಲು ಹವಣಿಸುತ್ತಿದ್ದರು. ಅಟೆಂಡರುಗಳಿಬ್ಬರು ಅವರ ಮಣಿಕಟ್ಟುಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಬಿಗಿದರು. ಎಳೆಯ ವೈದ್ಯರು ಮಂಪರಿನ ಚುಚ್ಚುಮದ್ದನ್ನು ಬರೆದೂ ಆಗಿತ್ತು. ಅಷ್ಟರಲ್ಲಿ ಪಾಳಿಗೆ ಬಂದ ಹಿರಿಯ ಸಿಸ್ಟರೊಬ್ಬರು, ತುಂಬಿದ ಸಿರಿಂಜನ್ನು ಟ್ರೇಯಲ್ಲಿರಿಸಿ, ಅಂಗೈಯನ್ನು ದೊಡ್ಡಪ್ಪನವರ ಕಿಬ್ಬೊಟ್ಟೆಯ ಮೇಲೆ ಮೆಲ್ಲನೆ ಊರಿ, "ತಾತ ಕೊನೇ ಸಲ ಒಂದಕ್ಕೆ ಹೋಗಿದ್ದು ಯಾವಾಗ?" ಎಂದು ಕೇಳಿದರು. ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಮೂತ್ರದ ನಳಿಕೆ ಹಾಕಿದಾಗ ಲೀಟರಿನಷ್ಟು ಇಳಿಯಿತು. ಅರ್ಧ ಗಂಟೆಯೊಳಗೆ ಅವರು ತಾವಾಗಿಯೇ ನಿದ್ರೆ ಹೋದರು. ಸಿರಿಂಜು ಟ್ರೇಯಲ್ಲಿಯೇ ಉಳಿಯಿತು.

ಇದನ್ನು ಮುಂದಿಟ್ಟು ಮಂಪರಿನ ಮದ್ದೇ ಕೂಡದೆಂದು ವಾದಿಸುವವನು ನಾನಲ್ಲ. ತಲೆಗೆ ಪೆಟ್ಟು ಬಿದ್ದು ಹೊಡೆದಾಡುತ್ತಿರುವವನನ್ನು ಶಾಂತಗೊಳಿಸದೆ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸುವಂತಿಲ್ಲ. ಭಯದಿಂದ ಉನ್ಮತ್ತನಾಗಿ ಗಾಜನ್ನು ಒಡೆದು ಹಿಡಿದವನಿಂದ ಅವನನ್ನೂ, ರಾತ್ರಿಯೆಲ್ಲ ನಿಂತೇ ದುಡಿಯುವ ಸಿಬ್ಬಂದಿಯನ್ನೂ ಕಾಪಾಡಲೇಬೇಕು. ಅಂಥ ಗಳಿಗೆಯಲ್ಲಿ ಸಕಾಲಕ್ಕೆ ದೊರೆತ ಉಪಶಮನವು ಶುದ್ಧ ಕಾರುಣ್ಯವೇ ಸರಿ. ಆದರೆ ಆ ಮದ್ದಿಗೆ ಮುಂಚೆ ಒಂದು ಪ್ರಶ್ನೆ, ಆಮೇಲೆ ಒಂದು ಕಾವಲು, ಇವೆರಡೂ ಇಲ್ಲದಿದ್ದರೆ ಅದು ಚಿಕಿತ್ಸೆಯೆನಿಸದು, ಗದ್ದಲವನ್ನು ಅಡಗಿಸಿದಂತಾಗುವುದಷ್ಟೆ.

ಪ್ರಶ್ನೆಯೇಕೆಂದರೆ, ಉದ್ರೇಕವೆಂಬುದು ಸ್ವತಃ ರೋಗವಲ್ಲ, ಒಳಗಿನ ಯಾವುದೋ ವಿಪತ್ತಿನ ಕೂಗು. ರಕ್ತದಲ್ಲಿ ಸಕ್ಕರೆ ಕುಸಿದವನೂ, ಆಮ್ಲಜನಕ ಸಾಲದವನೂ, ಮೆದುಳಿನ ಪೊರೆಗೆ ಸೋಂಕು ತಗುಲಿದವನೂ, ದತ್ತೂರದ ಬೀಜ ತಿಂದವನೂ, ಕೀಟನಾಶಕ ಕುಡಿದು ಅದರ ಪ್ರತಿವಿಷವಾದ ಅಟ್ರೋಪಿನ್ ಮಿತಿಮೀರಿದವನೂ ನೋಡುವವರ ಕಣ್ಣಿಗೆ ಒಂದೇ ಬಗೆಯ ಹುಚ್ಚರಂತೆ ಕಾಣುವರು. ಇವರೆಲ್ಲರಿಗಿಂತ ನಮ್ಮ ವಾರ್ಡುಗಳಿಗೆ ಹೆಚ್ಚು ಪರಿಚಿತನಾದವನು ಮದ್ಯವ್ಯಸನಿ. ಕಾಲು ಮುರಿದು ಸೋಮವಾರ ದಾಖಲಾದವನು, ನಿತ್ಯದ ಮದ್ಯ ತಪ್ಪಿ ಎರಡು ಮೂರು ದಿನ ಕಳೆಯುವಷ್ಟರಲ್ಲಿ ಮೈಯೆಲ್ಲ ಬೆವರಿ, ಕೈ ನಡುಗಿ, ಗೋಡೆಯ ಮೇಲೆ ಹುಳ ಹರಿಯುವುದನ್ನು ಕಂಡು ಚೀರತೊಡಗುತ್ತಾನೆ. ಇವನಿಗೆ ಬೇಕಾದುದು ಲೊರಾಜೆಪಾಮ್ ವರ್ಗದ ಔಷಧ, ಜತೆಗೆ ಥಯಾಮಿನ್ ಜೀವಸತ್ತ್ವ. ಹ್ಯಾಲೊಪೆರಿಡಾಲ್ ಒಂದನ್ನೇ ನೆಚ್ಚಿದರೆ ಫಿಟ್ಸ್ ಬರುವ ಸಂಭವ ಹೆಚ್ಚುತ್ತದೆ. ಮರ್ಯಾದೆಗೆ ಅಂಜಿ ಮನೆಯವರು "ಅವರು ಕುಡಿಯೋದೇ ಇಲ್ಲ ಡಾಕ್ಟ್ರೇ" ಎಂದುಬಿಟ್ಟರೆ ವೈದ್ಯನಾದರೂ ಏನು ಮಾಡಿಯಾನು?

ಯಾವ ಮದ್ದು ಲೇಸೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ಮನೋರೋಗದಿಂದ ಉದ್ರಿಕ್ತರಾಗಿ ಬಂದ 200 ಮಂದಿಯಲ್ಲಿ ಕೆಲವರಿಗೆ ಲೊರಾಜೆಪಾಮನ್ನೂ, ಕೆಲವರಿಗೆ ಹ್ಯಾಲೊಪೆರಿಡಾಲ್ ಮತ್ತು ಪ್ರೊಮೆಥಜೀನ್‌ಗಳ ಜೋಡಿಯನ್ನೂ ಕೊಟ್ಟು ಹೋಲಿಸಿ ನೋಡಿ, 2004ರಲ್ಲಿ ಪ್ರಕಟಿಸಿದ ಪರಿಣಾಮವೇನೆಂದರೆ, ನಾಲ್ಕು ಗಂಟೆಗಳ ತರುವಾಯ ಎರಡೂ ಗುಂಪುಗಳಲ್ಲಿ ನೂರಕ್ಕೆ 96 ಮಂದಿ ಶಾಂತರಾಗಿದ್ದರು ಇಲ್ಲವೆ ನಿದ್ರಿಸುತ್ತಿದ್ದರು. ಜೋಡಿಮದ್ದು ಪಡೆದವರಲ್ಲಿ ನಿದ್ರಿಸಿದವರು ಹೆಚ್ಚು. 2007ರ ಮತ್ತೊಂದು ಅಧ್ಯಯನದಲ್ಲಿ ಇದೇ ಜೋಡಿಯನ್ನು ಹೊಸದೂ ದುಬಾರಿಯೂ ಆದ ಒಲಾಂಜಪಿನ್ ಚುಚ್ಚುಮದ್ದಿನೊಡನೆ 300 ಮಂದಿಯಲ್ಲಿ ಹೋಲಿಸಿದಾಗ, ಮತ್ತೆ ಮದ್ದು ಬೇಕಾದವರು ಒಲಾಂಜಪಿನ್ ಪಕ್ಷದಲ್ಲಿ ನೂರಕ್ಕೆ 43, ಹಳೆಯ ಜೋಡಿಯಲ್ಲಿ ಕೇವಲ 21. ಹ್ಯಾಲೊಪೆರಿಡಾಲನ್ನು ಒಂಟಿಯಾಗಿ ಕೊಟ್ಟಾಗ ಕೆಲವರಿಗೆ ಕೊರಳು ತಿರುಚಿಕೊಳ್ಳುವ ಯಾತನೆಯನ್ನು ಪ್ರೊಮೆಥಜೀನ್ ತಡೆಯುತ್ತದೆ. ಅಗ್ಗದ ಔಷಧಗಳಿವು. ಆದುದರಿಂದ ನಮ್ಮ ಕೊರತೆ ಮದ್ದಿನದಲ್ಲ.

ಕೊರತೆಯಿರುವುದು ಆಮೇಲಿನ ಕಾವಲಿನಲ್ಲಿ. ಕೂಗುತ್ತಿದ್ದವನು ಮೌನವಾದೊಡನೆ ಎಲ್ಲರೂ ನಿಟ್ಟುಸಿರಿಟ್ಟು ಮುಂದಿನ ಮಂಚದತ್ತ ಹೊರಡುವರು. ಆದರೆ ಉಸಿರು ಕುಗ್ಗುವುದೂ, ನಾಲಗೆ ಹಿಂದಕ್ಕೆ ಜಾರುವುದೂ, ವಾಂತಿ ಶ್ವಾಸನಾಳಕ್ಕಿಳಿಯುವುದೂ ಆ ಮೌನದಲ್ಲಿಯೇ. ಬೋರಲಾಗಿ ಕೆಡವಿ ಬೆನ್ನಿನ ಮೇಲೆ ಮೊಣಕಾಲೂರುವುದಂತೂ ಕೊಲೆಗೆ ಸಮಾನ. ಅಮೆರಿಕದ ಕೊಲೊರಾಡೊ ಸಂಸ್ಥಾನದ ಅರೋರಾ ನಗರದಲ್ಲಿ, 2019ರ ಆಗಸ್ಟಿನಲ್ಲಿ, ಯಾವ ಅಪರಾಧವನ್ನೂ ಮಾಡದೆ ನಡೆದುಹೋಗುತ್ತಿದ್ದ 23 ವರ್ಷದ ಎಲೈಜಾ ಮೆಕ್ಲೇನ್ ಎಂಬ ಯುವಕನನ್ನು ಪೊಲೀಸರು ಕುತ್ತಿಗೆಯೊತ್ತಿ ಕೆಡವಿದ ಮೇಲೆ, ಆಂಬುಲೆನ್ಸಿನ ಸಿಬ್ಬಂದಿ ಸುಮಾರು 65 ಕಿಲೋ ತೂಕದ ಆ ದೇಹಕ್ಕೆ 500 ಮಿಲಿಗ್ರಾಂ ಕೆಟಮಿನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. 2023ರಲ್ಲಿ ಇಬ್ಬರು ಸಿಬ್ಬಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ತೂಕವನ್ನು ಸರಿಯಾಗಿ ಅಂದಾಜಿಸಿ, ಉಸಿರನ್ನು ಗಮನಿಸಿದ್ದರೆ ಆ ತಾಯಿಯ ಮಗ ಉಳಿಯುತ್ತಿದ್ದನೇನೋ.

ನಮ್ಮಲ್ಲಿಯೂ ಕಾನೂನು ಮೌನವಾಗಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು, ಸರಪಳಿಯಿಂದ ಬಂಧಿತರಾಗಿದ್ದ ಮನೋರೋಗಿಗಳು ಬೆಂಕಿಯಿಂದ ತಪ್ಪಿಸಿಕೊಳ್ಳಲಾರದೆ ಬೆಂದುಹೋದುದನ್ನು ಈ ದೇಶ ಕಂಡಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಸರಪಳಿಯನ್ನು ನಿಷೇಧಿಸಿ, ಸನ್ನಿಹಿತವಾದ ಅಪಾಯವನ್ನು ತಪ್ಪಿಸಲು ಅನ್ಯ ಮಾರ್ಗವಿಲ್ಲದಾಗ ಮಾತ್ರ ರೋಗಿಯನ್ನು ಕಟ್ಟಬಹುದೆಂದೂ, ಸಿಬ್ಬಂದಿ ಸಾಲದೆಂಬ ಕಾರಣಕ್ಕೆ ಕಟ್ಟಕೂಡದೆಂದೂ ಸ್ಪಷ್ಟವಾಗಿ ವಿಧಿಸಿದೆ. ಆದರೆ ಇಡೀ ಹಜಾರಕ್ಕೆ ರಾತ್ರಿ ಒಬ್ಬರೇ ಸಿಸ್ಟರನ್ನು ನೇಮಿಸುವ ಆಡಳಿತವು ಆ ವಿಧಿಯನ್ನು ಅವರು ಪಾಲಿಸುವಂತೆ ಮಾಡುವುದು ಹೇಗೆ? ಮಂಪರಿನ ಮದ್ದು ಪಡೆದ ಪ್ರತಿಯೊಬ್ಬನ ಬಳಿ, ಅವನು ಏಳುವವರೆಗೆ, ಉಸಿರೆಣಿಸಲು ಒಬ್ಬ ತರಬೇತಾದ ವ್ಯಕ್ತಿಯೂ ಬೆರಳಿಗೆ ಒಂದು ಆಕ್ಸಿಮೀಟರೂ ಇರಬೇಕೆಂಬುದನ್ನು ಸರ್ಕಾರ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲೆಲ್ಲ ನಿಯಮವಾಗಿಸಿ, ಅದಕ್ಕೆ ತಕ್ಕ ಹುದ್ದೆಗಳನ್ನು ತುಂಬಬೇಕು.

ಓದುಗರಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮವರು ಹೀಗೆ ಕೆರಳಿದ ರಾತ್ರಿ ಆಸ್ಪತ್ರೆಗೆ ಹೊರಡುವಾಗ ಅವರು ನುಂಗುವ ಮಾತ್ರೆಗಳ ಚೀಟಿಯನ್ನು ಕೈಯಲ್ಲಿ ಹಿಡಿದು ಹೋಗಿರಿ; ಎಲ್ಲಿ ಬಿದ್ದರು, ಯಾವಾಗ ಉಂಡರು, ಕೊನೆಯ ಸಲ ಕುಡಿದುದು ಯಾವಾಗ ಎಂಬುದನ್ನು ನಾಚದೆ ನಿಜವಾಗಿ ಹೇಳಿರಿ; ಮತ್ತು ಅವರು ನಿದ್ರೆಹೋದ ಮೇಲೆ ಮಂಚದ ಬಳಿಯಿಂದ ಕದಲಬೇಡಿರಿ.