ಮನೆಯ ಕಂಪ್ಯೂಟರಿಗೆ ಲಿನಕ್ಸ್ ಸಾಕೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪನ್ನು ಇದೊಂದೇ ಕಾರಣಕ್ಕೆ ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಾಗಾದರೆ ಉಬುಂಟು, ಮಿಂಟ್‌ನಂಥ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಗಳನ್ನು ನಂಬಿ ಮನೆಮಂದಿ ಕೆಲಸ ಮಾಡಬಹುದೇ?

ಇಂದು ಮನೆಯ ಕಂಪ್ಯೂಟರಿನ ಕೆಲಸ ಬಹುಪಾಲು ಬ್ರೌಸರಿನಲ್ಲೇ ನಡೆಯುತ್ತದೆ. ನೆಟ್ ಬ್ಯಾಂಕಿಂಗ್, ಯೂಟ್ಯೂಬ್, ಇಮೇಲ್, ಮಕ್ಕಳ ಆನ್‌ಲೈನ್ ಪಾಠ ಇವಕ್ಕೆಲ್ಲ ಫೈರ್‌ಫಾಕ್ಸೋ ಕ್ರೋಮೋ ಇದ್ದರಾಯಿತು. ಎರಡೂ ಲಿನಕ್ಸಿನಲ್ಲಿ ಸಿಗುತ್ತವೆ. ಪತ್ರ, ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್ ಇದೆ. ಉಬುಂಟುವಿನ ದೀರ್ಘಾವಧಿ ಬೆಂಬಲದ (ಎಲ್‌ಟಿಎಸ್) ಆವೃತ್ತಿಗಳಿಗೆ ಐದು ವರ್ಷ ಉಚಿತವಾಗಿ ಸುರಕ್ಷತಾ ಅಪ್‌ಡೇಟ್ ಬರುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ ಸಿಹಿ ಕಹಿ ಎರಡೂ ಇವೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಕೀಲಿಮಣೆಯನ್ನು ಸೇರಿಸಿಕೊಂಡರೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪಳಗಿದ ಬೆರಳು ಹೆಚ್ಚು ತಡಕಾಡುವುದಿಲ್ಲ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳೂ ಇವೆ. ತೊಡಕು ಬರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಪತ್ರವೋ ಪುಸ್ತಕದ ಹಸ್ತಪ್ರತಿಯೋ ಇಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಆ ಫಾಂಟನ್ನೇ ತಂದು ಹಾಕಿದರೆ ಓದಬಹುದು. ತಿದ್ದಬೇಕಾದರೆ ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು, ಆಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿಕೊಳ್ಳಬೇಕು. ಡಿಟಿಪಿ ಮಾಡಿ ಬದುಕುವವರಿಗೆ ಇದು ಸಣ್ಣ ಕೆಲಸವಲ್ಲ.

ಮನೆಯಲ್ಲೇ ಅಂಗಡಿಯ ಲೆಕ್ಕ ಬರೆಯುವವರದ್ದೂ ಇದೇ ಪಾಡು: ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಫೋಟೊಶಾಪ್ ಕೂಡ ಲಿನಕ್ಸಿಗೆ ಬಂದಿಲ್ಲ. ಕೆಲವು ಪ್ರಿಂಟರುಗಳು ತಂತಿ ಚುಚ್ಚಿದೊಡನೆ ಕೆಲಸ ಮಾಡುತ್ತವೆ, ಕೆಲವಕ್ಕೆ ಡ್ರೈವರ್ ಹುಡುಕಿಯೇ ಸಾಕಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ನನಗೆ ಕಾಣುವುದು ಬೇರೆ ಕಡೆ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ಅಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ತಂತ್ರಾಂಶ ಸಿದ್ಧಮಾಡಿ ಕೊಡುತ್ತದೆ, ಶಿಕ್ಷಕರಿಗೆ ತರಬೇತಿ ನೀಡುತ್ತದೆ. ಆದರೆ ನಮ್ಮ ಬೀದಿಯ ರಿಪೇರಿ ಅಂಗಡಿಗೆ ಲಿನಕ್ಸ್ ಕಂಪ್ಯೂಟರ್ ಒಯ್ದರೆ, ‘ವಿಂಡೋಸ್ ಹಾಕಿಕೊಡ್ತೀನಿ ಬಿಡಿ ಸಾರ್’ ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ವ್ಯವಸ್ಥೆ ಸಿದ್ಧವಾಗಿದೆ, ಅದನ್ನು ಬಲ್ಲವರು ಕೈಗೆ ಸಿಗುವಷ್ಟು ಹತ್ತಿರದಲ್ಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಬ್ರೌಸರೇ ಪ್ರಪಂಚವಾಗಿರುವ ಮನೆಗೆ, ಫೋನಿನಲ್ಲಾದರೂ ಸಹಾಯಕ್ಕೆ ಬಲ್ಲವರೊಬ್ಬರಿದ್ದರೆ, ಲಿನಕ್ಸ್ ಧಾರಾಳ ಸಾಕು. ಟ್ಯಾಲಿ, ಹಳೆಯ ನುಡಿ ಕಡತಗಳನ್ನು ನೆಚ್ಚಿಕೊಂಡವರು ಅವಸರ ಮಾಡುವುದು ಬೇಡ. ಯಾರೇ ಆಗಲಿ, ಮೊದಲು ಪೆನ್‌ಡ್ರೈವಿನಿಂದಲೇ ಉಬುಂಟು ಅಥವಾ ಮಿಂಟ್ ಚಾಲೂ ಮಾಡಿ ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಎಲ್ಲ ಪರೀಕ್ಷಿಸಿ ನೋಡಿ. ಡಿಸ್ಕಿಗೆ ಇನ್‌ಸ್ಟಾಲ್ ಮಾಡುವ ಮುನ್ನ ಫೋಟೊ, ಕಾಗದಪತ್ರಗಳನ್ನು ಮರೆಯದೆ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ.